ಕಡಿಮೆ ಖರ್ಚಿನಲ್ಲಿ ಪಿಕಪ್‌ಗೆ ಎಳೆತ: 2523 ಸಿಸಿ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿದ ಅನುಭವ

ಮಲ್ಪೆಯಿಂದ ಮೀನು ಹೇರಿಕೊಂಡು ಆಗುಂಬೆ ಹತ್ತುವ ಗಾಡಿಯಿರಲಿ, ಮುರಕಲ್ಲು ತುಂಬಿಕೊಂಡು ಕಾರ್ಕಳದ ಏರು ಹತ್ತುವ ಗಾಡಿಯಿರಲಿ, ಹಳೆಯ ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಸಿಡಿಸುವ ಎಂಜಿನ್ನಿನ) ಪಿಕಪ್‌ಗಳ ಮೇಲಿನ ದೂರು ಒಂದೇ: ಎಳೆತ ಇಲ್ಲ. ನಮ್ಮ ಕಡೆ ಅದಕ್ಕೆ ಮೊದಲು ಸಿಗುವ ಮದ್ದು, "ಪಂಪ್ ಸ್ವಲ್ಪ ಏರಿಸುವ ಮಾರಾಯ್ರೇ". ಎಂಜಿನ್ನಿಗೆ ಡೀಸೆಲ್ ಕೊಡುವ ಆ ಪಂಪಿನ ಸ್ಕ್ರೂ ತಿರುಗಿಸಿದರೆ ಎಳೆತ ಒಂಚೂರು ಬರುತ್ತದೆ, ಹೊಗೆ ಬಹಳ ಬರುತ್ತದೆ, ಬಿಸಿ ಅದಕ್ಕಿಂತ ಹೆಚ್ಚು ಬರುತ್ತದೆ. ನಾನು ಕಟ್ಟಿದ್ದು ಮಹೀಂದ್ರಾದ ನಾಲ್ಕು ಸಿಲಿಂಡರಿನ ಡಿಐ, ಕಂಪನಿಯಿಂದ ಟರ್ಬೊ (ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಸಾಧನ) ಇಲ್ಲದೆ ಬಂದದ್ದು, ರೋಟರಿ ಪಂಪ್ ಇರುವಂಥದ್ದು. ಕ್ರಮ ಹೀಗಿತ್ತು: ಮೊದಲು ಸೋರಿಕೆ ನಿಲ್ಲಿಸುವುದು, ಆಮೇಲೆ ಗಾಳಿ ಹೆಚ್ಚಿಸುವುದು, ಡೀಸೆಲ್ ಮುಟ್ಟುವುದು ಕಟ್ಟಕಡೆಗೆ.

ಬಿಚ್ಚುವ ಮುಂಚೆ ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಅದುಮುವ ಒತ್ತಡ, ನೋಡಲೇಬೇಕು. ಡೀಸೆಲ್ ಸಿಡಿಸುವ ನಾಲ್ಕೂ ನಾಜಲ್ ತೆಗೆದು, ಡೀಸೆಲ್ ಪೂರೈಕೆ ಕಡಿದು, ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ತಿರುಗಿಸಿ ಗೇಜ್ ಓದಿ. ಆರೋಗ್ಯವಾಗಿರುವ ಡಿಐನಲ್ಲಿ 25ರಿಂದ 30 ಬಾರ್ ಸಿಗುತ್ತದೆ. ನಾಲ್ಕರ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಓದಿದಾಗ ಮುಳ್ಳು ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ಚಮಚಕ್ಕಿಂತ ಹೆಚ್ಚು ಹಾಕಬೇಡಿ. ಡಿಐ ಪಿಸ್ಟನ್ ತಲೆಯ ಗುಂಡಿಯಲ್ಲಿ ಆಯಿಲ್ ನಿಂತರೆ ಓದು ಸುಳ್ಳಾಗುತ್ತದೆ, ತೀರಾ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬರುವುದಕ್ಕೆ ಗ್ಯಾರೇಜಿನಲ್ಲಿ ಬ್ಯಾಕ್ ಕಂಪ್ರೆಶನ್ ಅನ್ನುತ್ತಾರೆ. ಅದು ಜೋರಾಗಿದ್ದರೆ ಬರೀ ಹೆಡ್ ಕೆಲಸ ಮಾಡಿಸಿ ಹಣ ಕಳೆಯಬೇಡಿ, ಫುಲ್ ಎಂಜಿನ್ ಕೆಲಸವೇ ಬೇಕು.

ಬೋರ್ ದೊಡ್ಡದು ಮಾಡಿಸಿದರೆ ಪವರ್ ಬರುತ್ತದೆ ಎಂದು ನಂಬಿದವರು ಬಹಳ. ಈ ಎಂಜಿನ್ನಿನ ಬೋರಿನ ವ್ಯಾಸ 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 101.6 ಮಿ.ಮೀ. ಅರ್ಧ ಮಿ.ಮೀ. ಓವರ್‌ಸೈಜ್ ಹೋದರೆ 2523 ಸಿಸಿ 2551 ಆಗುತ್ತದೆ, ಶೇ ಒಂದು ಚಿಲ್ಲರೆ. ಅದು ಕಾಲಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೋರ್ ದುಂಡಗಿದೆಯೇ, ರಿಂಗ್ ಸರಿಯಾಗಿ ಕೂರುತ್ತದೆಯೇ ಎಂಬುದು. ಹಾಗಾಗಿ ಖರ್ಚಿನಲ್ಲಿ ದೊಡ್ಡ ಪಾಲು ನಾನು ಬೋರಿಂಗ್ ಶಾಪಿಗೇ ಇಟ್ಟೆ. ಬೈಕಂಪಾಡಿಯಲ್ಲಾಗಲಿ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲಾಗಲಿ ಶಾಪ್ ಆರಿಸುವಾಗ ದರ ಆಮೇಲೆ ಕೇಳಿ, ಡಯಲ್ ಬೋರ್ ಗೇಜ್ ಇದೆಯೇ ಎಂದು ಮೊದಲು ಕೇಳಿ. ಪ್ರತಿ ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು ಬರೆದುಕೊಡುವವರು ಸಿಕ್ಕರೆ ಅಲ್ಲೇ ಕೊಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್ ಎಂಜಿನ್‌ಗಳ ಕೆಲಸ ಆಗಲೇ ಆಗಬೇಕು. ಆ ಎರಡು ತಿಂಗಳು ಲೇತ್‌ನವರಿಗೆ ಪುರುಸೊತ್ತು ಇರುವುದಿಲ್ಲ, ಆತುರದ ಹೋನಿಂಗ್ (ಕಲ್ಲಿನಿಂದ ಬೋರ್ ಉಜ್ಜಿ ಅಳತೆಗೆ ತರುವುದು) ಯಾರಿಗೂ ಬೇಡ.

ಡ್ರೈ ಲೈನರ್ (ಬ್ಲಾಕಿನೊಳಗೆ ಕೂರುವ, ನೀರು ತಾಗದ ಕೊಳವೆ) ಹೊಸದು ಹಾಕುವುದಾದರೆ ಅದು ಪ್ರೆಸ್‌ನಲ್ಲಿ ಬಿಗಿಯಾಗಿ ಇಳಿಯಬೇಕು. ಕೈಯಲ್ಲಿ ತಳ್ಳಿದರೆ ಇಳಿಯಿತು ಅಂದರೆ ಸಡಿಲು. ಲೈನರಿನ ಬಿಸಿ ಬ್ಲಾಕಿಗೆ ದಾಟುವುದಿಲ್ಲ, ಏರಿನಲ್ಲಿ ಪಿಸ್ಟನ್ ಹಿಡಿಯುತ್ತದೆ. ಲೈನರ್ ಕೂರಿಸಿದ ಮೇಲೆ ಬೋರ್ ಮಾಡಿ, ಪ್ರತಿ ಪಿಸ್ಟನ್ನಿನ ಸ್ಕರ್ಟ್ ಅಳೆದು ಅದರದೇ ಬೋರನ್ನು ಪೆಟ್ಟಿಗೆಯ ಮೇಲೆ ಬರೆದ ಕ್ಲಿಯರೆನ್ಸಿಗೆ ಹೋನ್ ಮಾಡಿಸಬೇಕು. ಹೋನಿಂಗ್ ಗೆರೆಗಳು 45 ಡಿಗ್ರಿಯ ಆಸುಪಾಸಿನಲ್ಲಿ ಒಂದನ್ನೊಂದು ದಾಟಬೇಕು. ಗೆರೆ ತೀರಾ ಅಡ್ಡವಾದರೆ ಆಯಿಲ್ ಮೇಲಕ್ಕೆ ಏರುತ್ತದೆ, ತೀರಾ ನೆಟ್ಟಗಾದರೆ ಆಯಿಲ್ ನಿಲ್ಲುವುದಿಲ್ಲ.

ರಿಂಗ್ ಗ್ಯಾಪ್ ನೋಡದೆ ನೇರ ಪಿಸ್ಟನ್ನಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ನಿನಿಂದ ಒಂದು ಇಂಚು ಕೆಳಕ್ಕೆ ನೇರ ತಳ್ಳಿ, ಫೀಲರ್ ಗೇಜ್‌ನಲ್ಲಿ ಅಳೆಯಿರಿ. ಟರ್ಬೊ ಇಲ್ಲದಿದ್ದರೆ ಮೇಲಿನ ರಿಂಗಿಗೆ 0.30ರಿಂದ 0.35 ಮಿ.ಮೀ., ಟರ್ಬೊ ಹಾಕುವುದಾದರೆ 0.40. ಕಡಿಮೆ ಇದ್ದರೆ ಬಿಸಿಯಲ್ಲಿ ಎರಡು ತುದಿ ಒಂದಕ್ಕೊಂದು ತಾಗಿ ಬೋರ್ ಗೀಚುತ್ತದೆ, ಪಿಸ್ಟನ್ನಿನ ರಿಂಗ್ ಅಂಚು ಮುರಿಯುತ್ತದೆ. ಕೂರಿಸುವಾಗ ಮೂರು ಗ್ಯಾಪ್‌ಗಳೂ 120 ಡಿಗ್ರಿ ದೂರದಲ್ಲಿರಲಿ.

ಹೋನ್ ಆದ ಬ್ಲಾಕನ್ನು ಡೀಸೆಲ್‌ನಲ್ಲಿ ಒರೆಸಿದರೆ ಸಾಲದು. ಕಲ್ಲಿನ ಪುಡಿ ಗೆರೆಗಳಲ್ಲೇ ಕೂತಿರುತ್ತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದುಬಣ್ಣ ಬರಬಾರದು, ಅಲ್ಲಿಯವರೆಗೆ ತೊಳೆಯುವುದು. ತೊಳೆದ ಕೂಡಲೇ ಗಾಳಿ ಹೊಡೆದು ಆಯಿಲ್ ಸವರಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಬರೀ ಎರಕದ ಕಬ್ಬಿಣ ನೋಡನೋಡುತ್ತ ಕೆಂಪಾಗುತ್ತದೆ. ಬ್ಲಾಕನ್ನು ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ.

ಕ್ರ್ಯಾಂಕ್ ವಿಷಯ ಚಿಕ್ಕದು. ಜರ್ನಲ್ (ಬೇರಿಂಗ್ ಕೂರುವ ಭಾಗ) 0.02 ಮಿ.ಮೀ.ಗಿಂತ ಹೆಚ್ಚು ಮೊಟ್ಟೆಯಾಕಾರ ಆಗಿದ್ದರೆ ಗ್ರೈಂಡ್ ಮಾಡಿಸಿ 0.25 ಅಂಡರ್‌ಸೈಜ್ ಬೇರಿಂಗ್ ಹಾಕಿ. ಗ್ರೈಂಡಿಂಗ್‌ನವರಿಗೆ ಮೂಲೆಯ ದುಂಡು ಉಳಿಸಲು ಹೇಳಿ, ಅಲ್ಲಿ ಚೂಪು ಮೂಲೆ ಬಂದರೆ ಕ್ರ್ಯಾಂಕ್ ತುಂಡಾಗುವುದು ಅಲ್ಲೇ. ಆಯಿಲ್ ತೂತುಗಳ ಅಂಚು ನಯ ಮಾಡಿಸಿ. ಪ್ಲಾಸ್ಟಿಗೇಜ್ (ಅದುಮಿದಾಗ ಅಂತರ ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಕ್ಯಾಪ್ ಬಿಗಿದು ನೋಡಿದಾಗ ಬೇರಿಂಗಿನ ಅಂತರ 0.05ರಿಂದ 0.09 ಮಿ.ಮೀ. ಒಳಗೆ ಬರಬೇಕು. ರಾಡ್ ಬೋಲ್ಟ್ ಹೊಸದೇ ಇರಲಿ, ಅಲ್ಲಿ ಉಳಿತಾಯ ಬೇಡ.

ನನ್ನ ಮಟ್ಟಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಹೆಡ್. ಮೊದಲು ನೀರಿನ ಒತ್ತಡದಲ್ಲಿ ಬಿರುಕು ನೋಡಿಸಬೇಕು, ಎರಡು ವಾಲ್ವ್‌ಗಳ ನಡುವಿನ ಸಣ್ಣ ಪಟ್ಟಿಯಲ್ಲೇ ಬಿರುಕು ಬರುವುದು ಹೆಚ್ಚು. ಗೈಡ್ (ವಾಲ್ವ್ ಕಾಂಡ ಓಡಾಡುವ ಕೊಳವೆ) ಬದಲಿಸದೆ ಸೀಟ್ (ವಾಲ್ವ್ ಕೂರುವ ಅಂಚು) ಕಟಿಂಗ್ ಮಾಡಿಸಿದರೆ ವಾಲ್ವ್ ಅಲ್ಲಾಡಿ ಆ ಸೀಟು ಬೇಗ ಹಾಳು. ಕಟಿಂಗ್ ಆದಷ್ಟೂ ವಾಲ್ವ್ ಒಳಕ್ಕೆ ಹೋಗುತ್ತದೆ, ಹೋದಷ್ಟೂ ಕಂಪ್ರೆಶನ್ ಇಳಿಯುತ್ತದೆ. ಹೆಡ್ ಮಟ್ಟದಿಂದ 1.5 ಮಿ.ಮೀ. ದಾಟಿದರೆ ನಾನು ಹೊಸ ಸೀಟನ್ನೇ ಹಾಕಿಸುತ್ತೇನೆ. ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಲ್ಯಾಪಿಂಗ್ ಮುಗಿದ ಮೇಲೆ ಪೋರ್ಟಿಗೆ (ಹೆಡ್ಡಿನಲ್ಲಿ ಗಾಳಿ, ಹೊಗೆ ಹೋಗುವ ದಾರಿ) ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ, ಒಂದು ಹನಿಯೂ ಇಳಿಯಬಾರದು.

ಪೋರ್ಟ್ ಕೆರೆಯುವ ಆಸೆ ಎಲ್ಲರಿಗೂ ಇರುತ್ತದೆ. ಡಿಐ ಎಂಜಿನ್ನಿನ ಇನ್‌ಟೇಕ್ ಪೋರ್ಟ್ ಸುರುಳಿಯಾಗಿರುವುದು ಸುಮ್ಮನೆ ಅಲ್ಲ. ಒಳಗೆ ಬರುವ ಗಾಳಿ ತಿರುಗುತ್ತಾ ಬಂದರೇ ಡೀಸೆಲ್ ಅದರಲ್ಲಿ ಸರಿಯಾಗಿ ಬೆರೆಯುವುದು. ಅದನ್ನು ಅಗಲ ಮಾಡಿದರೆ ಗಾಳಿ ಹೆಚ್ಚಿದರೂ ಹೊಗೆ ಬರುತ್ತದೆ. ಎಕ್ಸಾಸ್ಟ್ ಪೋರ್ಟಿನಲ್ಲಿ ಎರಕದ ಗಂಟುಗಳನ್ನು ತೆಗೆಯಿರಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಪೋರ್ಟಿನ ಬಾಯಿಗೆ ಅಡ್ಡ ಬರದಂತೆ ಸರಿಮಾಡಿ. ಇನ್‌ಟೇಕಿನಲ್ಲಿ ಅಷ್ಟೂ ಬೇಡ.

ಹೆಡ್ ಗ್ಯಾಸ್ಕೆಟ್ ಅಂಗಡಿಯಲ್ಲಿ ಇದ್ದದ್ದನ್ನು ತಂದು ಹಾಕುವಂಥದ್ದಲ್ಲ. ಕಂಪ್ರೆಶನ್ ಅನುಪಾತ 17 ಎಂದು ಹಿಡಿದರೆ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 39.4 ಸಿಸಿ. ಗ್ಯಾಸ್ಕೆಟ್ 0.2 ಮಿ.ಮೀ. ದಪ್ಪವಾದರೆ 1.24 ಸಿಸಿ ಸೇರಿ ಅನುಪಾತ 16.5ಕ್ಕೆ ಇಳಿಯುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗುವಾಗಲೇ ಗೊತ್ತಾಗುತ್ತದೆ. ತೆಳುವಾದರೆ ಪಿಸ್ಟನ್ ಹೆಡ್ಡಿಗೆ ತಾಗುತ್ತದೆ. ಹಳೆ ಗ್ಯಾಸ್ಕೆಟ್ ಇಟ್ಟು, ಪಿಸ್ಟನ್ ಮೇಲೆ ಪಿನ್ ಇರುವ ದಿಕ್ಕಿನಲ್ಲಿ ಎರಡು ಕಡೆ ಬೆಸುಗೆ ಸೀಸದ ತುಂಡು ಅಂಟಿಸಿ, ಹೆಡ್ ಬಿಗಿದು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ಸೀಸವನ್ನು ಅಳೆದರೆ ಅಂತರ ಸಿಕ್ಕಿತು. 0.8 ಮಿ.ಮೀ.ಗಿಂತ ಕಡಿಮೆ ಬಂದರೆ ಆ ಗ್ಯಾಸ್ಕೆಟ್ ದಪ್ಪದಲ್ಲಿ ನಾನು ಎಂಜಿನ್ ಮುಚ್ಚುವುದಿಲ್ಲ.

ಇನ್ನು ಟರ್ಬೊ. ಇದೇ 2523 ಸಿಸಿಯಲ್ಲಿ ಕಂಪನಿಯೇ ಟರ್ಬೊ ಕೊಟ್ಟ ಎಂಜಿನ್‌ಗಳಿರುವುದರಿಂದ ಮ್ಯಾನಿಫೋಲ್ಡ್, ಟರ್ಬೊ, ಆಯಿಲ್ ಪೈಪ್‌ಗಳು ಗುಜರಿಯಲ್ಲಿ ಒಟ್ಟಿಗೇ ಸಿಗುತ್ತವೆ. ಬಿಡಿ ಬಿಡಿಯಾಗಿ ತರಬೇಡಿ, ಹೊಂದಿಸುವ ವೆಲ್ಡಿಂಗ್ ಖರ್ಚಿನಲ್ಲೇ ಉಳಿತಾಯ ಹೋಗುತ್ತದೆ. ಟರ್ಬೊ ಕೈಯಲ್ಲಿ ಹಿಡಿದು ಶಾಫ್ಟನ್ನು ಮುಂದೆ ಹಿಂದೆ ಎಳೆಯಿರಿ, ಆಟ ಬೆರಳಿಗೆ ಗೊತ್ತಾಗಬಾರದು. ಪಕ್ಕಕ್ಕೆ ಒಂಚೂರು ಆಡಬಹುದು, ಚಕ್ರ ಕವಚಕ್ಕೆ ತಾಗಬಾರದು. ಬ್ಲೇಡ್ ಅಂಚು ತಿಂದಿದ್ದರೆ ಬಿಟ್ಟುಬಿಡಿ.

ಕೂರಿಸುವಾಗ ಕೆಲಸ ಕೆಡುವುದು ಆಯಿಲ್ ವಾಪಸ್ ಪೈಪಿನಲ್ಲಿ. ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಪೈಪಿನ ಒಳಗಾತ್ರ 18 ಮಿ.ಮೀ.ಗೆ ಕಡಿಮೆ ಇರಬಾರದು, ಎಲ್ಲೂ ಬಾಗಿ ಮೇಲಕ್ಕೆ ಏರಬಾರದು, ಸಂಪ್‌ನಲ್ಲಿ (ಎಂಜಿನ್ ಬುಡದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇದು ತಪ್ಪಿದರೆ ಒಳ್ಳೆಯ ಟರ್ಬೊವೂ ಸೀಲ್ ದಾಟಿ ಆಯಿಲ್ ಕುಡಿಯುತ್ತದೆ, ಪಾಪ ಟರ್ಬೊಗೇ ಹೆಸರು ಕೆಡುತ್ತದೆ. ಬ್ಯಾಕ್ ಕಂಪ್ರೆಶನ್ ಇರುವ ಎಂಜಿನ್ನಿಗೂ ಇದೇ ಗತಿ: ಸಂಪ್ ಒಳಗಿನ ಒತ್ತಡ ಆಯಿಲನ್ನು ಇಳಿಯಲು ಬಿಡುವುದಿಲ್ಲ. ಮೊದಲ ಸ್ಟಾರ್ಟಿಗೆ ಮುಂಚೆ ಡೀಸೆಲ್ ಕಡಿದು, ವಾಪಸ್ ಪೈಪಿನಲ್ಲಿ ಆಯಿಲ್ ಬರುವವರೆಗೆ ಬರೀ ಸೆಲ್ಫ್ ಹೊಡೆಯಿರಿ. ಫಿಲ್ಟರಿನಿಂದ ಟರ್ಬೊವರೆಗಿನ ಹೋಸ್‌ಗೆ ಹೊಸ ಕ್ಲಾಂಪ್ ಹಾಕಿ. ಅಲ್ಲಿ ಸಣ್ಣ ಸೀಳಿದ್ದರೆ ಕೆಂಪು ಧೂಳು ನೇರ ಒಳಗೆ.

ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ಸಾಧನ) ಇಲ್ಲದೆ ಬೂಸ್ಟ್, ಅಂದರೆ ಟರ್ಬೊ ಕೊಡುವ ಒತ್ತಡ, 0.5 ಬಾರ್‌ಗೆ ನಿಲ್ಲಿಸಿದೆ. ಒತ್ತಡ ಒಂದೂವರೆ ಪಟ್ಟಾದರೂ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಸಿಲಿಂಡರ್ ಸೇರುವ ಗಾಳಿ ಹೆಚ್ಚುವುದು ಸುಮಾರು ಕಾಲು ಭಾಗ ಮಾತ್ರ. ಡೀಸೆಲ್ ಅದಕ್ಕಿಂತ ಕಡಿಮೆ ಹೆಚ್ಚಬೇಕು. ಪಂಪ್ ಬೆಂಚಿನ ಮೇಲೆ ಪೂರ್ಣ ಲೋಡಿನ ಪ್ರಮಾಣವನ್ನು ಶೇ 15 ಏರಿಸಿ, ನಾಲ್ಕೂ ಲೈನಿಗೆ ಸಮ ಬರುವಂತೆ ಮಾಡಿಸಿದೆ. ಬೂಸ್ಟ್ ಬಂದ ಮೇಲಷ್ಟೇ ಡೀಸೆಲ್ ಏರಿಸುವ ಡಯಾಫ್ರಂ ಇರುವ ಪಂಪ್ ಸಿಕ್ಕರೆ ಅದೇ ಉತ್ತಮ, ಇಲ್ಲದಿದ್ದರೆ ಏರಿನ ಬುಡದಲ್ಲಿ ಗೇರ್ ಹಾಕಿದ ಕೂಡಲೇ ಕಪ್ಪು ಹೊಗೆ. ನಾಜಲ್ ಒತ್ತಡ ನಾಲ್ಕಕ್ಕೂ 5 ಬಾರ್ ಒಳಗೆ ಸಮ ಇರಲಿ. ನಾಜಲ್ ಕೆಳಗಿನ ತಾಮ್ರದ ವಾಷರ್ ಹೊಸದಿರಲಿ, ಹಳೆಯದು ಗುಂಡಿಯಲ್ಲೇ ಅಂಟಿಕೊಂಡು ಎರಡಾದರೆ ನಾಜಲ್ ತುದಿ ಮೇಲಕ್ಕೆ ಸರಿದು ಡೀಸೆಲ್ ತಪ್ಪು ಜಾಗಕ್ಕೆ ಬೀಳುತ್ತದೆ.

ಹೊಗೆಗೆ ಕಾನೂನಿನ ಮಿತಿಯೂ ಇದೆ. ಬಿಎಸ್ 4ಕ್ಕೆ (ಭಾರತ್ ಸ್ಟೇಜ್ ಹೊಗೆ ನಿಯಮ) ಮುಂಚಿನ ಡೀಸೆಲ್ ಗಾಡಿಗೆ 65 ಹಾರ್ಟ್ರಿಜ್ (ಹೊಗೆಯ ದಟ್ಟಣೆಯ ಅಳತೆ), ಬಿಎಸ್ 4ಕ್ಕೆ 50. ಗಾಳಿಗೆ ತಕ್ಕ ಡೀಸೆಲ್ ಇಟ್ಟರೆ ಎಮಿಷನ್ ಪರೀಕ್ಷೆಗೆ ಪಂಪ್ ಇಳಿಸಿ ಆಮೇಲೆ ಏರಿಸುವ ಗೋಜು ಇರುವುದಿಲ್ಲ. ಬ್ಲಾಕ್ ಬದಲಾದರೆ ಎಂಜಿನ್ ನಂಬರ್ ಬದಲಾಗುತ್ತದೆ, ಆರ್‌ಟಿಒ ಒಪ್ಪಿಗೆ ಬೇಕು. ಆರ್‌ಸಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಆದ್ದರಿಂದ ಟರ್ಬೊ ಕೊಳ್ಳುವ ಮೊದಲೇ ಕೇಳಿ ಬನ್ನಿ.

ಎಷ್ಟು ಎಳೆದರೂ ಕೊನೆಗೆ ತಡೆಯುವುದು ಬಿಸಿ. ಟರ್ಬೊಗೆ ಮುಂಚೆ ಮ್ಯಾನಿಫೋಲ್ಡ್‌ನಲ್ಲಿ ತೂತು ಕೊರೆದು ಕೆ ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಹಾಕಿ ಮೀಟರ್ ಮುಂದೆ ತಂದಿಟ್ಟೆ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ದೊಡ್ಡ ರಕ್ಷಣೆ ಬೇರೆ ಯಾವುದೂ ಇಲ್ಲ. 650 ಡಿಗ್ರಿ ದಾಟಿತೋ, ಕಾಲು ಸಡಿಲಿಸಿ ಗೇರ್ ಇಳಿಸುವುದು. ರೇಡಿಯೇಟರ್ ಬಿಚ್ಚಿಸಿ ಕೊಳವೆಗಳಿಗೆ ರಾಡ್ ಹಾಕಿಸಿ ಶುಚಿ ಮಾಡಿಸಿ. ಉಳ್ಳಾಲ, ಮಲ್ಪೆಯಂಥ ಕಡಲಬದಿಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದು ರೇಡಿಯೇಟರಿಗೆ ಬೇಡವೇ ಬೇಡ. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಮಾತ್ರ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿಯನ್ನು ಬಿಡಬೇಕು. ಎಂಜಿನ್ ತಣ್ಣಗೇ ಓಡಿದರೆ ಹೊಸ ರಿಂಗ್ ಬೇಗ ಸವೆಯುತ್ತದೆ, ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಬೈಪಾಸಿನಲ್ಲೇ ಸುತ್ತುತ್ತದೆ. ಎಂಜಿನ್ ಹೇಗೂ ಕೆಳಗಿದೆಯಲ್ಲ, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಹಿಂದಿನ ಆಯಿಲ್ ಸೀಲ್ ಆಗಲೇ ಹಾಕಿ.

ಕಟ್ಟಿದ ಎಂಜಿನ್ನನ್ನು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ರಿಂಗ್ ಬೋರಿಗೆ ಕೂರಲು ಹದವಾದ ಭಾರ ಬೇಕು. ಮೊದಲ 1000 ಕಿ.ಮೀ. ಅರ್ಧ ಲೋಡ್. ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗುವುದಕ್ಕಿಂತ ಮೂಡುಬಿದಿರೆ, ಕಾರ್ಕಳದ ಏರಿಳಿತದ ದಾರಿ ಒಳ್ಳೆಯದು. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ, ಟ್ಯಾಪೆಟ್ ಮತ್ತೆ ಹೊಂದಿಸಿ. ಆಯಿಲ್ 15ಡಬ್ಲ್ಯೂ-40, ಸಿಐ-4 ದರ್ಜೆ. ಘಾಟಿ ಹತ್ತಿ ನಿಲ್ಲಿಸುವಾಗ ಎರಡು ನಿಮಿಷ ಐಡಲ್ ಕೊಟ್ಟು ಆಫ್ ಮಾಡಿ, ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿ ಕಟ್ಟುವುದಿಲ್ಲ.

ಎಷ್ಟು ಪವರ್ ಬಂತೆಂದು ನೋಡಲು ಡೈನೊ ಬೇಕಿಲ್ಲ, ಒಂದೇ ಏರು ಮತ್ತು ಒಂದೇ ಲೋಡ್ ಸಾಕು. ಒಟ್ಟು 2700 ಕೆ.ಜಿ. ತೂಕ, ಶೇ 8ರ ಏರು ಎಂದುಕೊಳ್ಳಿ. ಗಂಟೆಗೆ 30 ಕಿ.ಮೀ. ಹಿಡಿಯಲು ಚಕ್ರದಲ್ಲಿ ಸುಮಾರು 28 ಎಚ್‌ಪಿ ಬೇಕು, 40 ಹಿಡಿಯಲು 38. ಕೆಲಸಕ್ಕೆ ಮುಂಚೆ ತೂಕದ ಚೀಟಿ ಸಮೇತ ಹತ್ತಿ ವೇಗ ಬರೆದಿಟ್ಟುಕೊಳ್ಳಿ, ರನ್ನಿಂಗ್ ಇನ್ ಮುಗಿದ ಮೇಲೆ ಅದೇ ತೂಕದಲ್ಲಿ, ಅದೇ ಏರಿನಲ್ಲಿ, ಥರ್ಮೋಕಪಲ್ ಮೀಟರ್ ನೋಡುತ್ತಾ ಹತ್ತಿ. ವೇಗ ಹೆಚ್ಚಿ ಬಿಸಿ 650ರ ಒಳಗಿದ್ದರೆ ಪಂಪಿನ ಸ್ಕ್ರೂಗೆ ಸೀಲ್ ಹಾಕಿಸಿಬಿಡಿ.