ತೈಲಬಾವಿಯ ಕಂಪ್ಯೂಟರ್ ಮಾದರಿ: ಕಟ್ಟುವುದು, ಹೊಂದಿಸುವುದು, ಬಳಸುವುದು

ಎರಡು ಮೂರು ಕಿಲೋಮೀಟರ್ ಆಳದ ಬಾವಿಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಕಣ್ಣಾರೆ ಕಾಣಲು ಸಾಧ್ಯವಿಲ್ಲ. ಮೇಲೆ ಕುಳಿತವರ ಕೈಗೆ ಸಿಗುವುದು ವೆಲ್‌ಹೆಡ್‌ನ (ಬಾವಿಯ ಮೇಲ್ತುದಿಯ) ಒತ್ತಡ ಮತ್ತು ಉಷ್ಣತೆ, ಹರಿವನ್ನು ನಿಯಂತ್ರಿಸುವ ಕವಾಟವಾದ ಚೋಕ್ ಎಷ್ಟು ತೆರೆದಿದೆ ಎಂಬ ಅಂಕಿ, ಕೆಲವು ಬಾವಿಗಳಲ್ಲಿ ತಳದ ಗೇಜಿನ ಒತ್ತಡ, ಇಷ್ಟೇ. ತೈಲ, ನೀರು, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಒಂದೇ ಟೆಸ್ಟ್ ಸೆಪರೇಟರನ್ನು ಹಲವು ಬಾವಿಗಳು ಹಂಚಿಕೊಳ್ಳುವ ಕಡೆ ಪ್ರತಿ ಬಾವಿಯ ಹರಿವನ್ನು ನಿಜವಾಗಿ ಅಳೆಯುವುದು ಆಗೊಮ್ಮೆ ಈಗೊಮ್ಮೆ ಮಾತ್ರ. ಒಂದು ಟೆಸ್ಟ್‌ನಿಂದ ಇನ್ನೊಂದು ಟೆಸ್ಟ್‌ವರೆಗಿನ ದಿನಗಳಲ್ಲಿ ಬಾವಿ ಎಷ್ಟು ತೈಲ, ಎಷ್ಟು ನೀರು, ಎಷ್ಟು ಅನಿಲ ಕೊಡುತ್ತಿದೆ ಎಂದು ಅಂದಾಜಿಸುವುದು ಕಂಪ್ಯೂಟರ್ ಮಾದರಿಯ ಮೊದಲ ಕೆಲಸ. ಆ ಅಂದಾಜು ಮತ್ತು ಅಳತೆ ಬೇರೆಯಾದ ದಿನ ಯಾವುದು ತಪ್ಪಿದೆ ಎಂದು ಕೇಳುವಂತೆ ಮಾಡುವುದು ಎರಡನೆಯ ಕೆಲಸ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ಮಾದರಿಯ ತಿರುಳು ಸರಳವಾಗಿದೆ. ತೈಲಪದರದಿಂದ ಬಾವಿಯ ತಳಕ್ಕೆ ದ್ರವ ಹರಿದು ಬರಲು ಒತ್ತಡದ ವ್ಯತ್ಯಾಸ ಬೇಕು. ತಳದಿಂದ ಟ್ಯೂಬಿಂಗ್ (ಬಾವಿಯೊಳಗಿನ ಉತ್ಪಾದನಾ ಕೊಳವೆ) ಮೂಲಕ ಮೇಲೇರಲು ದ್ರವದ ಭಾರವನ್ನೂ ಕೊಳವೆಯ ಘರ್ಷಣೆಯನ್ನೂ ಮೀರಬೇಕು. ತಳದ ಒತ್ತಡ ಕಡಿಮೆಯಾದಷ್ಟೂ ಪದರ ಹೆಚ್ಚು ಕೊಡುತ್ತದೆ, ಆದರೆ ಹೆಚ್ಚು ಹರಿವನ್ನು ಮೇಲಕ್ಕೆ ಕಳಿಸಲು ಸಾಮಾನ್ಯವಾಗಿ ತಳದಲ್ಲಿ ಹೆಚ್ಚು ಒತ್ತಡ ಬೇಕಾಗುತ್ತದೆ. ಈ ಎರಡು ರೇಖೆಗಳು ಸಂಧಿಸುವ ಬಿಂದುವಿನಲ್ಲಿ ಬಾವಿ ನೆಲೆ ನಿಲ್ಲುತ್ತದೆ. ಗಿಲ್ಬರ್ಟ್ 1954ರಲ್ಲೇ ಮುಂದಿಟ್ಟ ಈ ವಿಚಾರವನ್ನು ಇಂದು ನೋಡಲ್ ಅನಾಲಿಸಿಸ್ ಎಂದು ಕರೆಯುತ್ತಾರೆ; ಪ್ರಾಸ್ಪರ್, ಪೈಪ್‌ಸಿಮ್‌ನಂಥ ತಂತ್ರಾಂಶಗಳು ಮಾಡುವ ಲೆಕ್ಕದ ಬುನಾದಿಯೂ ಇದೇ.

ತಂತ್ರಾಂಶ ತೆರೆಯುವ ಮೊದಲು ಮಾಹಿತಿಯನ್ನು ಒಂದೆಡೆ ಕೂಡಿಸಿ, ಅನುಮಾನದಿಂದ ನೋಡಿ. ತೈಲದ ಸಾಂದ್ರತೆ, ಅದರಲ್ಲಿ ಕರಗಿರುವ ಅನಿಲದ ಪ್ರಮಾಣ, ಬಬಲ್ ಪಾಯಿಂಟ್ (ಕರಗಿದ ಅನಿಲ ಗುಳ್ಳೆಗಳಾಗಿ ಹೊರಬರತೊಡಗುವ ಒತ್ತಡ) ಮುಂತಾದ ಪಿವಿಟಿ (ಒತ್ತಡ, ಗಾತ್ರ, ಉಷ್ಣತೆ) ಅಂಕಿಗಳು, ಟ್ಯೂಬಿಂಗ್‌ನ ಒಳವ್ಯಾಸ, ಬಾವಿ ಎಲ್ಲಿ ಎಷ್ಟು ಓರೆಯಾಗಿದೆ ಎಂಬ ಸರ್ವೆ, ಪದರದ ಒತ್ತಡ, ಕನಿಷ್ಠ ಎರಡು ಮೂರು ಒಳ್ಳೆಯ ವೆಲ್ ಟೆಸ್ಟ್‌ಗಳು ಬೇಕು. ಇಲ್ಲಿ ಆಗುವ ತಪ್ಪುಗಳು ಬಹುಪಾಲು ಸಣ್ಣವು, ಆದ್ದರಿಂದಲೇ ಕಣ್ತಪ್ಪಿಸುತ್ತವೆ. ಉದಾಹರಣೆಗೆ, ತಳದ ಗೇಜು ಸಾಮಾನ್ಯವಾಗಿ ಪರ್ಫೊರೇಶನ್‌ಗಳ (ಪದರದಿಂದ ದ್ರವ ಒಳಬರಲು ಬಾವಿಯ ಗೋಡೆಯಲ್ಲಿ ಕೊರೆದ ರಂಧ್ರಗಳ) ಪಕ್ಕದಲ್ಲಿರದೆ ಸಾಕಷ್ಟು ಮೇಲೆ ಕೂತಿರುತ್ತದೆ. ಆ ಲಂಬ ಅಂತರ 300 ಮೀಟರ್, ನಡುವಿನ ದ್ರವದ ಸಾಂದ್ರತೆ ಘನ ಮೀಟರಿಗೆ 800 ಕಿಲೋಗ್ರಾಂ ಎಂದುಕೊಂಡರೆ, ಗೇಜು ತೋರಿಸುವುದಕ್ಕೂ ಪರ್ಫೊರೇಶನ್ ಎದುರು ನಿಜವಾಗಿ ಇರುವುದಕ್ಕೂ ಸುಮಾರು 23.5 ಬಾರ್ ವ್ಯತ್ಯಾಸವಿರುತ್ತದೆ. ಗೇಜಿನ ಆಳವನ್ನು ಬರೆಯುವಾಗ ಕೊಳವೆಯುದ್ದಕ್ಕೂ ಅಳೆದ ಉದ್ದವನ್ನು ಲಂಬ ಆಳವೆಂದು ನಮೂದಿಸಿದರೆ, ಓರೆ ಬಾವಿಯ ಇಡೀ ಮಾದರಿ ಮೊದಲ ದಿನದಿಂದಲೇ ಅಡ್ಡದಾರಿ ಹಿಡಿಯುತ್ತದೆ. ಹಾಗೆಯೇ ವೆಲ್‌ಹೆಡ್ ಒತ್ತಡ ವಾತಾವರಣದ ಒತ್ತಡವನ್ನು ಸೇರಿಸಿಕೊಂಡದ್ದೋ ಬಿಟ್ಟದ್ದೋ ಎಂದು ಕೇಳಿ ತಿಳಿದುಕೊಳ್ಳಿ. ಒಂದು ಬಾರ್‌ನ ಈ ವ್ಯತ್ಯಾಸ 100 ಬಾರ್ ಬಾವಿಯಲ್ಲಿ ಲೆಕ್ಕಕ್ಕಿಲ್ಲ, 5 ಬಾರ್‌ನಲ್ಲಿ ಹರಿಯುವ ಬಾವಿಯಲ್ಲಿ ಲೆಕ್ಕಕ್ಕಿದೆ.

ಮುಂದಿನದು ಒಳಹರಿವಿನ ರೇಖೆ, ಅಂದರೆ ತಳದ ಒತ್ತಡಕ್ಕೆ ತಕ್ಕಂತೆ ಪದರ ಎಷ್ಟು ಕೊಡುತ್ತದೆ ಎಂಬುದು. ತಳದ ಒತ್ತಡ ಬಬಲ್ ಪಾಯಿಂಟ್‌ಗಿಂತ ಮೇಲಿದ್ದರೆ ಹರಿವು ಒತ್ತಡದ ಇಳಿಕೆಗೆ ಅನುಪಾತವಾಗಿ ಏರುತ್ತದೆ, ಅಂದರೆ ಒಂದು ನೇರಗೆರೆ ಸಾಕು. ಅದಕ್ಕಿಂತ ಕೆಳಗಿಳಿದಾಗ ಪದರದೊಳಗೇ ಅನಿಲ ಬಿಡುಗಡೆಯಾಗಿ ತೈಲದ ದಾರಿಗೆ ಅಡ್ಡ ಬರುವುದರಿಂದ ರೇಖೆ ಬಾಗುತ್ತದೆ. ವೋಗೆಲ್ 1968ರಲ್ಲಿ ಕೊಟ್ಟ ಸೂತ್ರ ಈ ಸ್ಥಿತಿಗೆ ಸಂಬಂಧಿಸಿದ್ದು. ತಳದ ಒತ್ತಡವನ್ನು ಪದರದ ಒತ್ತಡದಿಂದ ಭಾಗಿಸಿ, ಬಂದ ಅನುಪಾತದ 0.2 ಪಾಲನ್ನೂ ಅದರ ವರ್ಗದ 0.8 ಪಾಲನ್ನೂ ಒಂದರಿಂದ ಕಳೆದರೆ, ಗರಿಷ್ಠ ಹರಿವಿನ ಎಷ್ಟು ಭಾಗ ಬರುತ್ತಿದೆ ಎಂದು ತಿಳಿಯುತ್ತದೆ. ಪದರದ ಒತ್ತಡ 200 ಬಾರ್ ಇದ್ದು, ಅದೇ ಬಬಲ್ ಪಾಯಿಂಟ್ ಕೂಡ ಆಗಿದ್ದು, ಟೆಸ್ಟ್‌ನಲ್ಲಿ ತಳದ ಒತ್ತಡ 150 ಬಾರ್ ಇದ್ದಾಗ ದಿನಕ್ಕೆ 120 ಘನ ಮೀಟರ್ ಬಂದಿದೆ ಎನ್ನಿ. ಅನುಪಾತ 0.75, ಸೂತ್ರದ ಉತ್ತರ 0.40, ಆದ್ದರಿಂದ ಗರಿಷ್ಠ ಹರಿವು 300 ಘನ ಮೀಟರ್. ಒತ್ತಡವನ್ನು 100 ಬಾರ್‌ಗೆ ಇಳಿಸಿದರೆ 0.70 ಭಾಗ, ಅಂದರೆ 210 ಘನ ಮೀಟರ್ ಬರಬೇಕು. ನೇರಗೆರೆಯನ್ನೇ ನಂಬಿದ್ದರೆ ಲೆಕ್ಕ 240 ತೋರಿಸುತ್ತಿತ್ತು. ಬಾರದ ಆ 30 ಘನ ಮೀಟರನ್ನು ನೆಚ್ಚಿಕೊಂಡು ಪಂಪ್ ಕೊಳ್ಳುವವರೂ ಇದ್ದಾರೆ.

ಟ್ಯೂಬಿಂಗ್‌ನೊಳಗಿನ ಲೆಕ್ಕ ಇದಕ್ಕಿಂತ ತೊಡಕಿನದು, ಏಕೆಂದರೆ ಅಲ್ಲಿ ತೈಲ, ನೀರು, ಅನಿಲ ಒಟ್ಟಿಗೆ ಹರಿಯುತ್ತವೆ, ಅನಿಲ ದ್ರವಕ್ಕಿಂತ ಮುಂದೆ ಓಡುತ್ತದೆ. ಹ್ಯಾಗೆಡಾರ್ನ್ ಮತ್ತು ಬ್ರೌನ್ ಅವರ 1965ರ ವಿಧಾನ, ಬೆಗ್ಸ್ ಮತ್ತು ಬ್ರಿಲ್ ಅವರ 1973ರ ವಿಧಾನ ಸೇರಿದಂತೆ ಹತ್ತಾರು ಆಯ್ಕೆಗಳು ತಂತ್ರಾಂಶದಲ್ಲಿರುತ್ತವೆ. ಹಿಂದಿನ ಬಾವಿಗೆ ಒಗ್ಗಿತ್ತು ಎಂಬ ಕಾರಣಕ್ಕೆ ಅದನ್ನೇ ಆರಿಸಬೇಡಿ. ಬಾವಿ ಹರಿಯುತ್ತಿರುವಾಗ ಬೇರೆ ಬೇರೆ ಆಳಗಳಲ್ಲಿ ಅಳೆದ ಒತ್ತಡದ ದಾಖಲೆ ಇದ್ದರೆ ಎಲ್ಲ ವಿಧಾನಗಳನ್ನೂ ಅದರ ಮೇಲೆ ಹರಡಿ, ತಿದ್ದುಪಡಿ ಇಲ್ಲದೆಯೇ ಯಾವುದು ಹತ್ತಿರ ಬರುತ್ತದೋ ಅದನ್ನು ತೆಗೆದುಕೊಳ್ಳಿ.

ಅನಂತರವೇ ಹೊಂದಾಣಿಕೆ. ಹೊಸಬರು ಎಡವುವುದು ಇಲ್ಲಿ. ಭಾರ ಮತ್ತು ಘರ್ಷಣೆಯ ಲೆಕ್ಕಗಳಿಗೆ ಗುಣಕಗಳನ್ನು ಬದಲಿಸುವ ಅವಕಾಶವಿರುವುದರಿಂದ ಎಂಥ ತಪ್ಪು ಅಂಕಿಯನ್ನೂ ಬಲವಂತವಾಗಿ ಸರಿಹೊಂದಿಸಿಬಿಡಬಹುದು. ಗುಣಕ 1ರ ಆಸುಪಾಸಿನಲ್ಲೇ ನಿಂತರೆ ಒಪ್ಪಬಹುದು, 0.7 ಅಥವಾ 1.4 ಬೇಕಾಯಿತೆಂದರೆ ಮಾದರಿ ನಿಮಗೆ ಏನನ್ನೋ ಹೇಳುತ್ತಿದೆ. ಆಗ ಗುಣಕವನ್ನು ಬಿಟ್ಟು ಅನಿಲದ ಅಳತೆ, ನೀರಿನ ಶೇಕಡಾವಾರು, ಗೇಜಿನ ಆಳ ಇವುಗಳನ್ನು ಮತ್ತೆ ಪರಿಶೀಲಿಸಿ. ಮೊದಲು ಪಿವಿಟಿ, ಬಳಿಕ ಟ್ಯೂಬಿಂಗ್, ಕೊನೆಗೆ ಒಳಹರಿವು ಎಂಬ ಕ್ರಮವನ್ನು ಪಾಲಿಸಿ. ಮೂರನ್ನೂ ಒಟ್ಟಿಗೆ ತಿರುಚಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಹೊಂದಾಣಿಕೆಗೆ ಬಳಸದ ಒಂದು ಟೆಸ್ಟನ್ನು ಬದಿಗಿಟ್ಟುಕೊಂಡು, ಮಾದರಿ ಅದನ್ನು ತಾನಾಗಿಯೇ ಹೇಳುತ್ತದೆಯೇ ಎಂದು ನೋಡಿ.

ಹೀಗೆ ಸಿದ್ಧವಾದ ಮಾದರಿಗೆ ಸೆನ್ಸರ್‌ಗಳ ಅಂಕಿಗಳನ್ನು ನಿಯಮಿತವಾಗಿ ಉಣಿಸಿದರೆ ಅದು ಕಾಣದ ಮೀಟರಿನಂತೆ ಕೆಲಸ ಮಾಡುತ್ತದೆ. ಹರಿವನ್ನು ಮೂರು ದಾರಿಯಲ್ಲಿ ಲೆಕ್ಕ ಹಾಕಿಸಿ: ಪದರ ಮತ್ತು ತಳದ ಒತ್ತಡಗಳಿಂದ ಒಂದು, ತಳ ಮತ್ತು ವೆಲ್‌ಹೆಡ್ ಒತ್ತಡಗಳಿಂದ ಇನ್ನೊಂದು, ಚೋಕ್‌ನ ಹಿಂದುಮುಂದಿನ ಒತ್ತಡಗಳಿಂದ ಮತ್ತೊಂದು. ಮೂರೂ ಒಂದೇ ಮಾತು ಹೇಳುವವರೆಗೆ ನೆಮ್ಮದಿ. ಒಂದು ಬೇರೆಯಾದರೆ, ತೊಂದರೆ ಬಾವಿಯ ಯಾವ ಭಾಗದಲ್ಲಿದೆ ಎಂಬ ಸುಳಿವು ಅಲ್ಲೇ ಸಿಗುತ್ತದೆ. ಟ್ಯೂಬಿಂಗ್‌ನಲ್ಲಿ ಮೇಣ ಅಥವಾ ಸ್ಕೇಲ್ (ಖನಿಜದ ಗಟ್ಟಿ ಲೇಪ) ಕಟ್ಟಿಕೊಂಡರೆ ತಳದ ಒತ್ತಡ ಏರಿ, ವೆಲ್‌ಹೆಡ್‌ನ ಒತ್ತಡವೂ ಉಷ್ಣತೆಯೂ ಇಳಿಯುತ್ತವೆ. ಪರ್ಫೊರೇಶನ್‌ಗಳ ಬಳಿ ಪದರವೇ ಕಟ್ಟಿಕೊಂಡರೆ ತಳ, ಮೇಲು ಎರಡೂ ಕಡೆ ಒತ್ತಡ ಬೀಳುತ್ತದೆ. ಮರಳು ಚೋಕನ್ನು ಸವೆಸಿದ್ದರೆ ಎರಡೂ ಒತ್ತಡಗಳು ಇಳಿದರೂ ಉಷ್ಣತೆ ಮಾತ್ರ ಏರುತ್ತದೆ, ಏಕೆಂದರೆ ವೇಗವಾಗಿ ಮೇಲೇರುವ ದ್ರವಕ್ಕೆ ದಾರಿಯಲ್ಲಿ ತಣಿಯಲು ಸಮಯವಿರುವುದಿಲ್ಲ. ಈ ಉಷ್ಣತೆಯ ಅಂಕಿಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಅಗ್ಗದ ಒಂದು ಸೆನ್ಸರ್ ಇಷ್ಟು ಹೇಳುತ್ತಿರುವಾಗ ಅದನ್ನು ಕೇಳಿಸಿಕೊಳ್ಳದಿರುವುದು ನಷ್ಟವೇ ಸರಿ. ಅನಿಲಬಾವಿಗಳಲ್ಲಿ ಇನ್ನೊಂದನ್ನು ಕಾಯಬೇಕು: ಅನಿಲದ ವೇಗವು ಟರ್ನರ್ 1969ರಲ್ಲಿ ವಿವರಿಸಿದ ಕನಿಷ್ಠ ಮಿತಿಗಿಂತ ಕೆಳಗಿಳಿದರೆ ದ್ರವ ಮೇಲೆ ಬರದೆ ತಳದಲ್ಲಿ ತುಂಬಿಕೊಂಡು ಬಾವಿಯನ್ನು ಉಸಿರುಗಟ್ಟಿಸುತ್ತದೆ.

ಉತ್ಪಾದನೆ ಹೆಚ್ಚಿಸುವ ಮಾತಿಗೆ ಬಂದರೆ ಗ್ಯಾಸ್ ಲಿಫ್ಟ್ ಬಾವಿಗಳು ಒಳ್ಳೆಯ ಉದಾಹರಣೆ. ಟ್ಯೂಬಿಂಗ್‌ಗೆ ಅನಿಲ ತೂರಿಸಿದಾಗ ದ್ರವದ ಕಂಬ ಹಗುರಾಗಿ ಹರಿವು ಏರುತ್ತದೆ. ಅನಿಲ ಅತಿಯಾದರೆ ಘರ್ಷಣೆ ಮೇಲುಗೈ ಸಾಧಿಸಿ ಹರಿವು ಇಳಿಯುತ್ತದೆ. ಕಂಪ್ರೆಸರಿನಿಂದ ಸಿಗುವ ಅನಿಲ ಸೀಮಿತವಾಗಿರುವಾಗ ಅದನ್ನು ಸಮನಾಗಿ ಹಂಚುವುದು ನ್ಯಾಯದಂತೆ ಕಂಡರೂ ಲಾಭದಾಯಕವಲ್ಲ. ಪ್ರತಿ ಬಾವಿಗೆ ಇನ್ನೊಂದು ಸಾವಿರ ಘನ ಮೀಟರ್ ಅನಿಲ ಕೊಟ್ಟರೆ ಎಷ್ಟು ತೈಲ ಹೆಚ್ಚುತ್ತದೆ ಎಂದು ಮಾದರಿಯಿಂದ ತಿಳಿದು, ಕಡಿಮೆ ಕೊಡುವಲ್ಲಿಂದ ಹೆಚ್ಚು ಕೊಡುವಲ್ಲಿಗೆ ಸಾಗಿಸುತ್ತ ಹೋಗಬೇಕು. ಎಲ್ಲ ಬಾವಿಗಳ ಹೆಚ್ಚಳ ಒಂದೇ ಸಮಕ್ಕೆ ಬಂದಾಗ ನಿಲ್ಲಿಸಬೇಕು. ಎಣಿಸಬೇಕಾದದ್ದು ತೈಲವನ್ನು, ದ್ರವವನ್ನಲ್ಲ: ಶೇಕಡಾ 80 ನೀರಿರುವ ಬಾವಿಯಲ್ಲಿ ಹೆಚ್ಚುವ 5 ಘನ ಮೀಟರ್ ದ್ರವಕ್ಕೆ ತೈಲ ಸಿಗುವುದು 1 ಘನ ಮೀಟರ್, ಶೇಕಡಾ 25 ನೀರಿರುವ ಬಾವಿಯಲ್ಲಿ ಹೆಚ್ಚುವ 4 ಘನ ಮೀಟರಿಗೆ ಸಿಗುವುದು 3. ಆದರೆ ಯಾವ ಬಾವಿಯ ಅನಿಲವನ್ನೂ ಅದರ ಹರಿವು ಏರುಪೇರಾಗತೊಡಗುವ ಮಟ್ಟದವರೆಗೆ ಕಡಿತಗೊಳಿಸಬಾರದು.

ಒಂದು ಬಾವಿ ಹೆಚ್ಚು ಹರಿದಾಗ ಸಾಮಾನ್ಯ ಪೈಪಿನ ಒತ್ತಡ ಏರಿ ಪಕ್ಕದ ದುರ್ಬಲ ಬಾವಿ ಹಿಂದೆ ಸರಿಯುವುದರಿಂದ, ಈ ಲೆಕ್ಕವನ್ನು ಬಾವಿಗಳನ್ನೂ ಪೈಪುಗಳನ್ನೂ ಸೆಪರೇಟರನ್ನೂ ಸೇರಿಸಿದ ಒಟ್ಟು ಜಾಲದ ಮೇಲೆ ನಡೆಸಬೇಕು. ಮರಳು ಬರತೊಡಗುವ ಒತ್ತಡ, ನೀರು ಸಂಸ್ಕರಿಸುವ ಸಾಮರ್ಥ್ಯ, ಕೊಳವೆ ಸವೆಯುವ ವೇಗ ಇವೆಲ್ಲವೂ ಮಿತಿಗಳಾಗಿ ಮಾದರಿಯೊಳಗೆ ಇರಲೇಬೇಕು. ಇಲ್ಲವಾದರೆ ಕಂಪ್ಯೂಟರ್ ಪ್ರತಿ ಸಲವೂ ಚೋಕ್ ಪೂರ್ತಿ ತೆರೆಯಿರಿ ಎಂದೇ ಹೇಳುತ್ತದೆ. ದತ್ತಾಂಶದಿಂದ ಕಲಿಯುವ ಯಂತ್ರಕಲಿಕೆಯ ಮಾದರಿಗಳು ಈಗ ಬಳಕೆಗೆ ಬಂದಿವೆ ಮತ್ತು ವೇಗವಾಗಿಯೂ ಇವೆ, ಆದರೆ ತಾವು ಎಂದೂ ಕಾಣದ ಸ್ಥಿತಿಗೆ ಬಾವಿ ಹೋದಾಗ ಅವು ದಾರಿ ತಪ್ಪುವುದರಿಂದ ಭೌತಿಕ ಮಾದರಿಯ ಜೊತೆಯಲ್ಲೇ ಇಟ್ಟುಕೊಳ್ಳುವುದು ಲೇಸು.

ಮಾದರಿ ಸೂಚಿಸಿದ ಬದಲಾವಣೆಯನ್ನು ಒಂದು ಸಲಕ್ಕೆ ಒಂದೇ ಬಾವಿಯಲ್ಲಿ, ಸಣ್ಣ ಹೆಜ್ಜೆಯಲ್ಲಿ ಮಾಡಿ, ಹರಿವು ನೆಲೆ ನಿಲ್ಲುವವರೆಗೆ ಕಾಯ್ದು, ಬಳಿಕ ಟೆಸ್ಟ್ ಮಾಡಿ. ಮುಂಚಿತವಾಗಿ ಹೇಳಿದ ಅಂಕಿ ಮತ್ತು ಬಂದ ಅಂಕಿ ಎರಡನ್ನೂ ದಿನಾಂಕದೊಂದಿಗೆ ಬರೆದಿಡಿ. ಮತ್ತೆ ಹೊಂದಿಸುವಾಗ ಹಳೆಯ ಮಾದರಿಯನ್ನು ಅಳಿಸದೆ ಉಳಿಸಿಕೊಳ್ಳಿ. ಗುಣಕ ತಿಂಗಳಿಂದ ತಿಂಗಳಿಗೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ, ಕೊಳವೆಯಲ್ಲಿ ಏನೋ ನಿಧಾನವಾಗಿ ಕಟ್ಟುತ್ತಿದೆ ಎಂಬುದನ್ನು ಆ ಹಳೆಯ ಕಡತಗಳೇ ಮೊದಲು ತೋರಿಸುತ್ತವೆ.