ಹಪ್ಪಳದ ಅಂಗಡಿಗೆ ಗೇಟ್‌ವೇ ಹುಡುಕಿದ್ದು

ಏಪ್ರಿಲ್ ಬಂತೆಂದರೆ ಕಾಸರಗೋಡಿನ ನೀರ್ಚಾಲಿನ ನಮ್ಮ ಮನೆಯಂಗಳ ತುಂಬ ಹಲಸಿನ ಹಪ್ಪಳ. ಮಳೆಗಾಲಕ್ಕೆ ಬೆಂಗಳೂರು, ಪುಣೆಯ ನೆಂಟರು ಕೇಳುತ್ತಾರೆ, ಅವರ ಪಕ್ಕದ ಮನೆಯವರೂ ಕೇಳುತ್ತಾರೆ. ಎಲ್ಲರೂ ಅಮ್ಮನ ನಂಬರಿಗೆ ಗೂಗಲ್ ಪೇ ಮಾಡುತ್ತಿದ್ದರು. ಯಾರು ಹಾಕಿದರು, ಯಾರದು ಬಾಕಿ ಅಂತ ನೋಟ್‌ಬುಕ್ಕಿನಲ್ಲಿ ಗೀಚಿ ಸಾಕಾಗಿ ಆನ್‌ಲೈನ್ ಅಂಗಡಿ ಕಟ್ಟುವ ವೂಕಾಮರ್ಸ್ ತಂತ್ರಾಂಶದಲ್ಲಿ ಸಣ್ಣದೊಂದು ವೆಬ್‌ಸೈಟ್ ಮಾಡಿದೆ. ಅದಕ್ಕೆ ಹಿಡಿದದ್ದು ಎರಡು ವಾರ. ಗ್ರಾಹಕರ ಹಣವನ್ನು ಸೈಟಿನಲ್ಲೇ ಪಡೆದು ನಮ್ಮ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇ ಎರಡು ತಿಂಗಳು ತಿಂದಿತು.

ಮೊದಲು ನಾನು ನೋಡಿದ್ದು ಕಮಿಷನ್ ಒಂದನ್ನೇ. ಶೇ. 2 ಅಂತ ಬರೆದಿದ್ದರೆ, ಆ ಕಮಿಷನ್ ಮೇಲೆ ಸಾಮಾನ್ಯವಾಗಿ ಶೇ. 18 ಜಿಎಸ್‌ಟಿ ಬೇರೆ ಉಂಟು. ನೆಟ್ ಬ್ಯಾಂಕಿಂಗಿನಲ್ಲಿ ಬಂದ 400 ರೂಪಾಯಿ ಆರ್ಡರಿಗೆ 8 ರೂಪಾಯಿ, ಅದಕ್ಕೆ ತೆರಿಗೆ 1.44, ಒಟ್ಟು 9.44. ಹಪ್ಪಳ ಪುಡಿಯಾಗಿದೆ ಅಂತ ಗ್ರಾಹಕರಿಗೆ ಹಣ ವಾಪಸ್ ಕೊಟ್ಟರೂ ಈ 9.44 ಸಾಮಾನ್ಯವಾಗಿ ನಮಗೆ ತಿರುಗಿ ಬರುವುದಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್, ಅಂದರೆ ಬ್ಯಾಂಕು ಅಂಗಡಿಯವರಿಂದ ಹಿಡಿಯುವ ಶುಲ್ಕ, ಸೊನ್ನೆ. ಹಾಗಂತ ಗೇಟ್‌ವೇಯವರು ತಮ್ಮ ಶುಲ್ಕ ಬಿಡುತ್ತಾರೆ ಎಂದೇನಿಲ್ಲ. ನಮಗೆ ಬರುವುದು ಜಾಸ್ತಿ ಯುಪಿಐಯಲ್ಲೇ ಅಲ್ವಾ? ಅದಕ್ಕೆ ಎಷ್ಟು ಹಿಡಿಯುತ್ತೀರಿ ಅಂತ ಇಮೇಲಿನಲ್ಲೇ ಕೇಳಿ ಉತ್ತರ ತರಿಸಿಕೊಂಡೆ.

ಕಡಿಮೆ ದರದವರನ್ನೇ ಹಿಡಿದೆ. ಹೆಸರು ಬೇಡ. ಗುರುತಿನ ಕಾಗದಪತ್ರ ನೋಡುವ ಕೆವೈಸಿಯಲ್ಲೇ ಸಿಕ್ಕಿಬಿದ್ದೆ. ಪಾನ್ ಕಾರ್ಡಿನಲ್ಲಿ ನನ್ನ ಹೆಸರು ಉದ್ದಕ್ಕೆ ಇದೆ, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಮಾತ್ರ. ಪಂಚಾಯತಿನ ಲೈಸನ್ಸ್ ಮಲಯಾಳದಲ್ಲಿ. ಗಡಿನಾಡಿನವರಿಗೆ ಇದೇನೂ ಹೊಸತಲ್ಲ, ಆದರೆ ಅತ್ತ ಕಡೆ ಕಾಗದ ನೋಡುವವರಿಗೆ ಹೊಸತು. ಮೂರು ಸಲ ವಾಪಸ್ ಬಂತು. "ಎಂತ ಮಾರಾಯ, ಹಪ್ಪಳ ಒತ್ತುವುದಕ್ಕಿಂತ ಕಷ್ಟ ಅಲ್ವಾ ಇದು!" ಅಂದರು ಅಮ್ಮ. ಕೊನೆಗೆ ಬ್ಯಾಂಕಿಗೆ ಹೋಗಿ ಹೆಸರನ್ನು ಪಾನ್ ಇದ್ದ ಹಾಗೆ ಮಾಡಿಸಿದೆ. ಆನ್‌ಲೈನಿನಲ್ಲಿ ಸಣ್ಣ ಉದ್ದಿಮೆಗಳಿಗಿರುವ ಸರಕಾರದ ಉದ್ಯಮ್ ನೋಂದಣಿ ಮಾಡಿಕೊಂಡೆ. ಅದಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಇಂಗ್ಲಿಷಿನಲ್ಲೇ ಬರುತ್ತದೆ. ಸೈಟಿನಲ್ಲಿ ಹಣ ವಾಪಸಿನ ನಿಯಮ, ಕಳಿಸುವ ನಿಯಮ, ಫೋನ್ ನಂಬರ್ ಇರುವ ಪುಟಗಳೂ ಬೇಕು. ಇವಿಷ್ಟು ಮೊದಲೇ ರೆಡಿ ಇದ್ದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ನಿಜವಾದ ಪೇಚಾಟ ಆಮೇಲಿನದು. ಜೂನಿನ ಒಂದು ಸಂಜೆ, ಕರೆಂಟಿಲ್ಲ, ಜೋರು ಮಳೆ. ಪುಣೆಯಿಂದ ಒಬ್ಬರು ಫೋನ್ ಮಾಡಿದರು. "640 ರೂಪಾಯಿ ಕಟ್ ಆಗಿದೆ, ಆರ್ಡರ್ ಎಲ್ಲಿ?" ನನ್ನ ಸೈಟಿನಲ್ಲಿ ನೋಡಿದರೆ 'ಪೆಂಡಿಂಗ್'. ಅವರು ಯುಪಿಐ ಆ್ಯಪಿನಲ್ಲಿ ಪಿನ್ ಹಾಕಿ, ಹಣ ಹೋಯಿತಲ್ಲ ಅಂತ ಅಲ್ಲಿಗೇ ಫೋನ್ ಕೆಳಗಿಟ್ಟಿದ್ದರು. ಬ್ರೌಸರಿಗೆ ವಾಪಸ್ ಬರಲೇ ಇಲ್ಲ. ಹಾಗಾಗಿ ಹಣ ಬಂದದ್ದು ನನ್ನ ಸೈಟಿಗೆ ಗೊತ್ತೇ ಆಗಲಿಲ್ಲ. ಇದಕ್ಕೆ ಮದ್ದು ವೆಬ್‌ಹುಕ್. ಗ್ರಾಹಕರು ಬ್ರೌಸರಿಗೆ ಮರಳಲಿ ಬಿಡಲಿ, ಗೇಟ್‌ವೇಯ ಸರ್ವರೇ ನಮ್ಮ ಸರ್ವರಿಗೆ 'ಹಣ ಬಂತು' ಅಂತ ನೇರ ಹೇಳುತ್ತದೆ. ನಾನದನ್ನು ಆನ್ ಮಾಡಿಯೇ ಇರಲಿಲ್ಲ, ತಪ್ಪು ನನ್ನದೇ. ಆದರೆ ಸಹಾಯ ಕೇಳಿದ್ದಕ್ಕೆ ಗೇಟ್‌ವೇಯವರಿಂದ ನಾಲ್ಕು ದಿನ ಬಂದದ್ದು ಟಿಕೆಟ್ ನಂಬರ್ ಮಾತ್ರ. ಅಷ್ಟರಲ್ಲಿ ಪುಣೆಯವರಿಗೆ ಪಾರ್ಸೆಲ್ ಮುಟ್ಟಿತ್ತು. ನಾನೇ ನಂಬಿ ಕಳಿಸಿಬಿಟ್ಟಿದ್ದೆ.

ಎರಡನೆಯ ಗೇಟ್‌ವೇ ಹುಡುಕುವಾಗ ದರವನ್ನು ಕಡೆಗೆ ನೋಡಿದೆ. ಖಾತೆ ತೆರೆಯುವ ಮೊದಲೇ ಒಂದು ಮಂಗಳವಾರ ಮಧ್ಯಾಹ್ನ ಸುಮ್ನೆ ಅವರ ಸಪೋರ್ಟ್ ನಂಬರಿಗೆ ಫೋನ್ ಮಾಡಿ ಸೆಟಲ್‌ಮೆಂಟ್, ಅಂದರೆ ಹಣ ನಮ್ಮ ಖಾತೆಗೆ ಬೀಳುವುದು, ಎಷ್ಟು ದಿನಕ್ಕೆ ಅಂತ ಕೇಳಿದೆ. ಮನುಷ್ಯರೇ ಫೋನ್ ಎತ್ತಿದರು, ಎರಡು ಕೆಲಸದ ದಿನ ಅಂದರು. ಖಾತೆ ಆದ ಮೇಲೆ 10 ರೂಪಾಯಿಯ ಒಂದು ಸುಳ್ಳು ಸಾಮಾನು ಮಾಡಿ ನಾನೇ ಕೊಂಡೆ. ಪಿನ್ ಹಾಕಿದ ಕೂಡಲೇ ಬೇಕೆಂದೇ ಬ್ರೌಸರ್ ಮುಚ್ಚಿದೆ. ಅರ್ಧ ನಿಮಿಷದಲ್ಲಿ ಆರ್ಡರ್ 'ಪ್ರೊಸೆಸಿಂಗ್' ಆಯಿತು, ಅಂದರೆ ಹಣ ಬಂದದ್ದು ಸೈಟಿಗೆ ಗೊತ್ತಾಯಿತು. ಆ 10 ರೂಪಾಯಿ ವಾಪಸ್ ಹಾಕಿ ಅದನ್ನೂ ನೋಡಿದೆ.

ಇವರ ಕಮಿಷನ್ ಸ್ವಲ್ಪ ಜಾಸ್ತಿಯೇ. ಹಪ್ಪಳದ ಕಟ್ಟಿಗೆ ಐದು ರೂಪಾಯಿ ಏರಿಸಿದೆ, ಯಾರೂ ಕೇಳಲಿಲ್ಲ. ಬದಿಯಡ್ಕದ ಅತ್ತೆ ಮಾತ್ರ ಈಗಲೂ ಅಮ್ಮನ ನಂಬರಿಗೇ ಹಾಕುತ್ತಾರೆ.