ಬೆಳಕಿನ ದಾರಿಗೆ ಚಿಲಕ ಹಾಕಿದ್ದು

ವಿದ್ಯುತ್ತಿನ ಬದಲು ಬೆಳಕನ್ನು ಹರಿಸುವ ನಮ್ಮ ಮೊದಲ ಫೋಟಾನಿಕ್ ಚಿಪ್‌ನಲ್ಲಿ ಬೆಳಕಿಗೆ ಎಂಟು ದಾರಿಗಳಿದ್ದವು. ಅವುಗಳನ್ನು ಬೇಕಾದಂತೆ ಬೆರೆಸಲು, ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸಿ ದಾರಿ ಬದಲಿಸುವ 28 ಮಾಕ್-ಜೆಂಡರ್ ಸ್ವಿಚ್‌ಗಳು, ಒಂದೊಂದಕ್ಕೆ ಎರಡರಂತೆ 56 ಹೀಟರ್‌ಗಳು. 100 ಮೈಕ್ರಾನ್ ಉದ್ದದ ಸಿಲಿಕಾನ್ ತರಂಗಮಾರ್ಗವನ್ನು (ಬೆಳಕು ಹರಿಯುವ ಕಿರುಕಾಲುವೆ) ಸುಮಾರು 40 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ 1550 ನ್ಯಾನೊಮೀಟರ್ ಬೆಳಕು ಅರ್ಧ ಅಲೆಯಷ್ಟು ಸರಿದು ಪಕ್ಕದ ದಾರಿಗೆ ಹೊರಳುತ್ತದೆ. ಅದಕ್ಕೆ ಒಂದು ಹೀಟರ್ 25 ಮಿಲಿವ್ಯಾಟ್ ನುಂಗುತ್ತಿತ್ತು.

ಹೊರಳಿಸುವ ಖರ್ಚಿಗೆ ನನ್ನ ತಕರಾರಿರಲಿಲ್ಲ. ಹೊರಳಿದ್ದು ಹಾಗೆಯೇ ಇರಲು ಸುರಿಯಬೇಕಾದ ವಿದ್ಯುತ್ತು ಕಣ್ಣು ಕುಕ್ಕುತ್ತಿತ್ತು: ತೆರೆದ ಬಾಗಿಲು ಮುಚ್ಚದಿರಲಿ ಎಂದು ಆಳೊಬ್ಬನನ್ನು ದಿನವಿಡೀ ಹಿಡಿದು ನಿಲ್ಲಿಸಿದಂತೆ. ಸಾಲದೆಂಬಂತೆ ಒಂದರ ಬಿಸಿ ಪಕ್ಕದ ಸ್ವಿಚ್ಚಿಗೂ ತಗುಲಿ, ಇದನ್ನು ಸರಿಪಡಿಸಿದರೆ ಅದು ಕೆಡುತ್ತಿತ್ತು.

ನನಗೆ ಬೇಕಾಗಿದ್ದದ್ದು ಚಿಲಕ: ಒಮ್ಮೆ ಹಾಕಿದರೆ ವಿದ್ಯುತ್ತಿಲ್ಲದೆ ಹಾಗೆಯೇ ನಿಲ್ಲುವಂಥದ್ದು. ಮರುಬರಹದ ಡಿವಿಡಿಗಳಲ್ಲಿದ್ದಂಥ ಸ್ಥಿತಿ ಬದಲಿಸುವ ವಸ್ತುಗಳ ಕಡೆ ತಿರುಗಿದೆ. ಕಾಯಿಸಿದ ಬಗೆಗೆ ತಕ್ಕಂತೆ ಅವು ಸ್ಫಟಿಕವಾಗಿಯೋ (ಕಣಗಳು ಸಾಲಾಗಿ ಜೋಡಿಸಿಕೊಂಡು) ಅಸ್ಫಟಿಕವಾಗಿಯೋ (ಚೆಲ್ಲಾಪಿಲ್ಲಿಯಾಗಿ) ಉಳಿದುಬಿಡುತ್ತವೆ. ಅಲ್ಲಿ ಹೆಸರಾದ ಜರ್ಮೇನಿಯಂ-ಆಂಟಿಮನಿ-ಟೆಲುರಿಯಂ ಮಿಶ್ರಣ ಸ್ಫಟಿಕವಾದಾಗ ನಮ್ಮ ಬೆಳಕನ್ನೇ ಹೀರಿಬಿಡುತ್ತದೆ. ಆಂಟಿಮನಿ ಸೆಲೆನೈಡ್ ಹಾಗಲ್ಲ. ಎರಡೂ ಸ್ಥಿತಿಗಳಲ್ಲಿ ಬಹುಮಟ್ಟಿಗೆ ಪಾರದರ್ಶಕ, ಬೆಳಕನ್ನು ಎಷ್ಟು ನಿಧಾನಿಸುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ಮಾತ್ರ ಸುಮಾರು 3.3ರಿಂದ 4ಕ್ಕೆ ಜಿಗಿಯುತ್ತದೆ. ಅಲೆಯನ್ನು ಸರಿಸಲು ಈ ಜಿಗಿತವೇ ಸಾಕು. ಅದರ ತೆಳು ತುಣುಕೊಂದನ್ನು ತರಂಗಮಾರ್ಗದ ಮೇಲೆ ಹಾಸಿ, ಮೇಲೆ ಅಲ್ಯುಮಿನಾ ಹೊದಿಸಿದೆ. ಹೊದಿಕೆ ಇಲ್ಲದಿದ್ದರೆ ಕರಗಿದಾಗ ಸೆಲೆನಿಯಂ ಹಾರಿಹೋಗುತ್ತದೆ.

ಸ್ಫಟಿಕವಾಗಿಸುವುದು ಸುಲಭವಾಯಿತು: ವಿದ್ಯುತ್ತಿನ ಒಂದು ಚುಟುಕು ಪಲ್ಸ್ ಕೊಟ್ಟು ಕರಗದಷ್ಟು ಬಿಸಿಯಲ್ಲಿ 100 ಮೈಕ್ರೊಸೆಕೆಂಡ್ ಕಾಯಿಸಿದರೆ ಸಾಕು. ಅದನ್ನು ಕೆಡಿಸಿ ಮತ್ತೆ ಅಸ್ಫಟಿಕವಾಗಿಸುವುದು ಬೆವರಿಳಿಸಿತು. 600 ಡಿಗ್ರಿಗೂ ಮೇಲೇರಿಸಿ ಕರಗಿಸಬೇಕು, 400 ನ್ಯಾನೊಸೆಕೆಂಡಿನಲ್ಲಿ ಕೈಬಿಡಬೇಕು. ಪಲ್ಸಿನ ವೋಲ್ಟೇಜನ್ನು ಅರ್ಧರ್ಧ ವೋಲ್ಟ್ ಏರಿಸುತ್ತಾ ಹೋದೆ. ಏನೂ ಆಗಲಿಲ್ಲ, ಮತ್ತೆ ಏನೂ ಆಗಲಿಲ್ಲ. ಆಮೇಲೆ ಬೆಳಕೇ ಬರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೆಲೆನೈಡ್ ತುಣುಕಿನ ನೀಟಾದ ಆಯತದ ನಡುವೆ ಒಂದು ಗುಳ್ಳೆ, ಅದರ ನೆತ್ತಿಯಲ್ಲಿ ಬಿರುಕು. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಶಾಲೆಯಲ್ಲೇ ಓದಿದ್ದೆ. ಮೂರು ಚಿಪ್ ಸುಟ್ಟ ಮೇಲೆ ಮನಸ್ಸಿಗೆ ಇಳಿಯಿತು. ಅನಂತರ 50 ಮಿಲಿವೋಲ್ಟಿನ ಹೆಜ್ಜೆ, ಪ್ರತಿ ಹೆಜ್ಜೆಗೂ ಒಂದು ಅಳತೆ. ನಿಧಾನ, ಆದರೆ ಗುಳ್ಳೆ ಏಳಲಿಲ್ಲ.

ಲೆಕ್ಕ ಹೀಗೆ ಬಂತು. ಸ್ಫಟಿಕವಾಗಿಸುವ ಪಲ್ಸಿಗೆ ಸುಮಾರು 10 ಮೈಕ್ರೊಜೂಲ್. ಕರಗಿಸುವ ಪಲ್ಸಿಗೆ ಅದಕ್ಕಿಂತ ಬಹಳ ಕಡಿಮೆ. ಹಳೆಯ ಹೀಟರ್ 0.4 ಮಿಲಿಸೆಕೆಂಡಿನಲ್ಲೇ ಆ 10 ಮೈಕ್ರೊಜೂಲ್ ಖರ್ಚು ಮಾಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲುವ ಸ್ವಿಚ್ಚಿಗೆ ಚಿಲಕವೇ ಅಗ್ಗ. ಕ್ಷಣಕ್ಷಣಕ್ಕೂ ಬದಲಾಗಬೇಕಾದದ್ದಕ್ಕೆ ಅಲ್ಲ. ಪ್ರತಿ ಸಲ ಕರಗಿ ಗಟ್ಟಿಯಾಗುವ ವಸ್ತು ಸವೆಯುತ್ತದೆ ಕೂಡ.

ಈಗಿನ ಚಿಪ್‌ನಲ್ಲಿ ದಾರಿ ಹಾಕುವ ಕೆಲಸ ಆಂಟಿಮನಿ ಸೆಲೆನೈಡ್‌ನದು. ಕೊನೆಯ ಚೂರುಪಾರು ತಿದ್ದುಪಡಿಗೆಂದು ಎಂಟು ಹೀಟರ್‌ಗಳನ್ನು ಉಳಿಸಿಕೊಂಡಿದ್ದೇನೆ.